ಒಂಬತ್ತನೆಯ ಸಾಲು

ಮೇಜಿನ ಕೆಳಗೆ ತಲೆ ತೂರಿಸಿದ್ದ ಅಜಿಂಕ್ಯ ಒಂದು ವೈರನ್ನು ಕಿತ್ತು, ಊದಿ, ಮತ್ತೆ ಚುಚ್ಚಿದ. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ್ದ ಬೆರಳುದ್ದದ ಕಾರ್ಡಿನಲ್ಲಿ ದೀಪ ಹೊತ್ತಲಿಲ್ಲ.

"ಕರೆಂಟ್ ಬಂದು ಅರ್ಧಾ ತಾಸಾತು. ಏನ್ ಮಾಡಾಕತ್ತೀಯೋ?" ಹೊರಗಿನ ಕಟ್ಟೆಯಿಂದ ಅವನಪ್ಪ ಸತ್ಯಪ್ಪ ಕೂಗಿದ.

"ನೋಡಾಕತ್ತೇನಿ ಅಪ್ಪಾ. ಎಲ್ಲಾ ಬರೋಬರ್ ಐತಿ. ಚಾಲೂ ಆಗವಲ್ದು."

"ಗಡಹಿಂಗ್ಲಜದಾಗ ಮೊಬೈಲ್ ಅಂಗಡಿ ಇಟ್ಟೀದಿ. ಮನ್ಯಾಗಿನ ಒಂದ ಡಬ್ಬಿ ಚಾಲೂ ಮಾಡಾಕ ಬರೂದಿಲ್ಲ!"

ಅದೇ ಪಡಸಾಲೆಯಲ್ಲಿ, ಮೇಜಿನಿಂದ ನಾಲ್ಕು ಮಾರು ದೂರದಲ್ಲಿ, ಸತ್ಯಪ್ಪನ ಅಣ್ಣ ಕೇದಾರಿಯನ್ನು ಕರಿ ಕಂಬಳಿಯ ಮೇಲೆ ಮಲಗಿಸಿದ್ದರು. ಹಣೆಗೆ ಅರಿಶಿಣದ ಭಂಡಾರ ಹಚ್ಚಿತ್ತು. ತಲೆಯ ಬಳಿ ಹೆಂಡತಿ ಮಾಯವ್ವ ಕೂತಿದ್ದಳು. ಹೆಣ ಎತ್ತುವ ತನಕ ಅಲ್ಲಿಂದ ಏಳಕೂಡದೆಂದು ಕೇದಾರಿಯ ಅಕ್ಕ ಬಾಳವ್ವ ಬೆಳಗ್ಗೆಯೇ ಹೇಳಿಟ್ಟಿದ್ದಳು. ಮಾಯವ್ವ ಕದಲಿರಲಿಲ್ಲ. ಆದರೆ ಅವಳ ಕಣ್ಣು ಮಾತ್ರ ಆಗಾಗ ಗಂಡನ ಮುಖ ಬಿಟ್ಟು ಆ ಕಾರ್ಡಿನ ಕಡೆ ಹೋಗಿ ಬರುತ್ತಿತ್ತು.

ಇಚಲಕರಂಜಿಯ ಆಸ್ಪತ್ರೆಯಲ್ಲಿ ಒಬ್ಬಳೇ ಮಗಳು ಸ್ನೇಹಲ ಮಲಗಿದ್ದಳು. ಮೊನ್ನೆ ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು. ಬೆಳಗಿನ ಜಾವ ಫೋನಿನಲ್ಲಿ ಸುದ್ದಿ ಕೇಳಿದವಳು ಅತ್ತು ಮುಗಿಸಿ ಒಂದೇ ಮಾತು ಬೇಡಿದ್ದಳು: "ನನಗ ಬರಾಕ ಆಗೂದಿಲ್ಲವ್ವಾ. ಎತ್ತೂಕಿಂತ ಮೊದಲ ಅಪ್ಪನ ಮಾರಿ ಒಮ್ಮಿ ತೋರಸು. ಕೂಸಿನ ದನಿ ಅಪ್ಪನ ಕಿವಿಗೆ ಬೀಳಲಿ."

ಒಂಬತ್ತಕ್ಕೆ ಕರೆಂಟು ಹೋಯಿತು. ಗುಡ್ಡದ ಮರೆಯ ಈ ವಸ್ತಿಗೆ ಮೊಬೈಲಿನ ರೇಂಜ್ ಬರುವುದಿಲ್ಲ. ಉತ್ತೂರ ಕಡೆಯ ಗುಡ್ಡದ ನೆತ್ತಿಯಲ್ಲಿ ನೀರಿನ ಟಾಕಿಗೆ ಕಟ್ಟಿದ ತಟ್ಟೆಯೊಂದು ಗಡಹಿಂಗ್ಲಜದಿಂದ ಇಂಟರ್‌ನೆಟ್ ಹಿಡಿದು ಕೇದಾರಿಯ ಮನೆಗೆ ಇಳಿಸುತ್ತಿತ್ತು. ಮನೆಯ ಹಳೆಯ ಕಂಪ್ಯೂಟರು ಅದನ್ನು ನಲವತ್ತು ಮನೆಗಳಿಗೆ ಹಂಚುತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದರ ವೈರ್‌ಲೆಸ್ ಕಾರ್ಡನ್ನು ಕೈಯಿಂದಲೇ ಎಬ್ಬಿಸಬೇಕು. ತಾನಾಗಿಯೇ ಏಳುವಂತೆ ಕೇದಾರಿ ಮಾಡಿ ನೋಡಿದ್ದ, ಅರ್ಧಕ್ಕೆ ನಿಂತುಬಿಡುತ್ತಿತ್ತು.

"ಗುಡ್ಡಾ ಹತ್ತಿ ಒಂದ ಫೋಟೋ ಕಳಿಸಿಬಿಡ್ರಿ," ಎಂದಳು ಬಾಳವ್ವ.

"ಫೋಟೋದಾಗ ಕೂಸಿನ ದನಿ ಹೆಂಗ ಬರತೈತಿ ಬಾಳಕ್ಕಾ?" ಎಂದ ಅಲ್ಲಪ್ಪ. ಅವನು ಕೇದಾರಿಯ ಓರಗೆಯ ಗೆಳೆಯ, ಪಕ್ಕದ ಮನೆಯವನು. "ಕೇದಾರಿ ಸರ್ ಇದ್ದಿದ್ರ ಎರಡ ನಿಮಿಷದ ಕೆಲಸ. ನಿನ್ನಿ ಮುಂಜಾನೆ ಸೈತ ಕರೆಂಟ್ ಹೋಗಿ ಬಂತಲ್ಲಾ, ನಾ ಚಾ ಕುಡಿಯೂದ್ರಾಗ ನೆಟ್ ಬಂತು. ಕೈ ಅಂದ್ರ ಅದು!"

"ಹೌದ್ರಿ," ಎಂದರು ಕಟ್ಟೆಯ ಮೇಲಿದ್ದವರು.

ಮಾಯವ್ವ ಕಂಬಳಿಯ ಅಂಚನ್ನು ಸರಿಮಾಡಿದಳು. ನಿನ್ನೆ ಬೆಳಗ್ಗೆ ಕೇದಾರಿಗೆ ದಿಂಬಿನಿಂದ ತಲೆ ಎತ್ತುವುದಕ್ಕೂ ಆಗಿರಲಿಲ್ಲ.

*

ಕೇದಾರಿ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಮೂವತ್ತು ವರ್ಷ ಜವಾನನಾಗಿದ್ದ. ಅಲ್ಲಿ ಅವನನ್ನು ಯಾರೂ ಬೇರೇನೂ ಕೇಳುತ್ತಿರಲಿಲ್ಲ. "ಕೇದಾರಿ, ಪಾಣಿ ಆಣ್," ಅಷ್ಟೆ. ನೀರು ತಂದಿಟ್ಟು, ಕಸ ಹೊಡೆದು, ಹುಡುಗರ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕಲಿತ. ನಿವೃತ್ತಿಯ ದಿನ ಶಾಲು ಹೊದಿಸಿ ಏನು ಬೇಕೆಂದು ಕೇಳಿದಾಗ, ಗುಜರಿಗೆ ಹಾಕಿದ್ದರಲ್ಲೇ ಒಂದು ಕಂಪ್ಯೂಟರ್ ಕೇಳಿ ತಂದ. ವಸ್ತಿಯ ಹೆಂಗಸರು ಮನೆಯಲ್ಲೇ ಕೂತು ತವರಿನವರ ಮುಖ ನೋಡಿದ ದಿನ, ಕೇದಾರಿ ಕೇದಾರಿ ಸರ್ ಆದ. ಆ ರಾತ್ರಿ ಊಟ ಮಾಡುತ್ತ ಎರಡು ಸಲ ತನ್ನಷ್ಟಕ್ಕೇ ನಕ್ಕದ್ದನ್ನು ಮಾಯವ್ವ ನೋಡಿದ್ದಳು.

ಒಮ್ಮೆ ಅವಳು ಕೇಳಿದ್ದಳು: "ಆ ಕಾರ್ಡಿಗೆ ಏಳು ಅಂತ ಹೇಳಾಕ ಇಷ್ಟ ಸಾಲು ಯಾಕ ಬೇಕ್ರಿ?"

"ಕಾರ್ಡಿಗೆ ನಾವು ನೇರ ಹೇಳಾಕ ಬರೂದಿಲ್ಲ ಮಾಯವ್ವಾ. ಒಳಗ ಕರ್ನೆಲ್ ಅಂತ ಒಬ್ಬ ಕಾರಭಾರಿ ಕುಂತಾನ. ಅವಂಗ ಅರ್ಜಿ ಕೊಡಬೇಕು. ಅಂವ ಡ್ರೈವರಿಗೆ ಹೇಳತಾನ, ಡ್ರೈವರ್ ಕಾರ್ಡಿಗೆ ಹೇಳತೈತಿ. ನಡುವಿನವರನ್ನ ದಾಟಿ ಹೋಗಾಕ ಯಾರಿಗೂ ಪರವಾನಗಿ ಇಲ್ಲ."

ಮಾಯವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. "ನಾ ಈ ಮನಿಗೆ ಬಂದಾಗ ನಿಮಗ ಊಟಕ್ಕ ಏಳ್ರಿ ಅಂತ ಹೇಳಬೇಕಂದ್ರ ಅತ್ತಿಗೆ ಹೇಳತಿದ್ನಿ. ಅತ್ತಿ ಮಾವಗ, ಮಾವ ನಿಮಗ. ಅಷ್ಟರಾಗ ರೊಟ್ಟಿ ಆರಿ ಹಪ್ಪಳ ಆಗಿರತಿತ್ತು."

ಕೇದಾರಿ ಕೆಮ್ಮು ಬರುವಷ್ಟು ನಕ್ಕಿದ್ದ.

*

"ಸಿಕ್ತ ನೋಡ್ರಿ!" ಅಜಿಂಕ್ಯ ಮೇಜಿನ ಖಾನೆಯಿಂದ ಒಂದು ವಹಿಯನ್ನು ಎಳೆದ. "ದೊಡ್ಡಪ್ಪ ಎಲ್ಲಾ ಬರದಿಟ್ಟಾನ. ಎಂಟ ಸಾಲು."

ಮೊದಲ ಆರು ಸಾಲು ಮುತ್ತು ಪೋಣಿಸಿದಂತಿದ್ದವು. ಏಳು ಮತ್ತು ಎಂಟು ಇಳಿಜಾರಾಗಿ ಒಂದರ ಮೈಮೇಲೆ ಒಂದು ಬಿದ್ದಿದ್ದವು. ಅಜಿಂಕ್ಯ ಒಂದೊಂದೇ ಸಾಲನ್ನು ಬಡಿಯುತ್ತ ಹೋದ. ಕಟ್ಟೆಯವರು ಬಾಗಿಲಲ್ಲಿ ಬಂದು ನಿಂತರು. ಎಂಟನೆಯದೂ ಮುಗಿಯಿತು. ದೀಪ ಇಲ್ಲ.

"ಡ್ರೈವರ್ ಬಂತು. ಕಾರ್ಡೂ ಕಾಣತೈತಿ. ಖರೆ ಒಂದ ಮಾತೂ ಆಡವಲ್ದು," ಎಂದು ಅವನು ಹಣೆ ಒರೆಸಿಕೊಂಡ. "ದೊಡ್ಡಪ್ಪ ಏನೋ ಒಂದನ್ನ ತನ್ನ ಕೂಡ ಒಯ್ದಾನ ಬಿಡ್ರಿ."

ಸತ್ಯಪ್ಪ ಹೊರಗೆ ನೋಡಿದ. ಹೊಲದಲ್ಲಿ ಕುಣಿ ತೋಡಿಯಾಗಿತ್ತು. "ಬಿಸಲ ಏರಾಕತ್ತೈತಿ. ಇನ್ನೊಂದ ಹತ್ತ ನಿಮಿಷ ನೋಡು. ಆಗಲಿಲ್ಲಂದ್ರ ಎತ್ತೂದ."

ಹತ್ತು ನಿಮಿಷ. ಮಾಯವ್ವ ಗಂಡನ ಮುಚ್ಚಿದ ಕಣ್ಣುಗಳನ್ನು ನೋಡಿದಳು.

*

ಸಕ್ಕರೆ ಕಾಯಿಲೆ ಕೇದಾರಿಯ ಕಣ್ಣಿಗೆ ಇಳಿದು ಎರಡು ಮಳೆಗಾಲ ಕಳೆದಿದ್ದವು. ಮೊದಲು ಅಕ್ಷರ ಮಂಜಾದವು, ಆಮೇಲೆ ಪರದೆಯೇ ಮಂಜಾಯಿತು. ಒಂದು ಬೆಳಗ್ಗೆ ಕರೆಂಟು ಹೋಗಿ ಬಂದಾಗ ಅವನು ಮೇಜಿನ ಮುಂದೆ ಸುಮ್ಮನೆ ಕೂತಿದ್ದ. ಹೊರಗಿನಿಂದ ಯಾರೋ "ಸರ್, ನೆಟ್ ಯಾವಾಗ ಬರತೈತಿ?" ಎಂದು ಕೇಳುತ್ತಿದ್ದರು.

"ಬಾಗಲಾ ಹಾಕು," ಎಂದ ಅವನು ಮೆಲ್ಲಗೆ. "ಬಾ ಇಲ್ಲಿ. ಯಾರಿಗೂ ಹೇಳಬ್ಯಾಡ."

ಮಾಯವ್ವ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಇಂಗ್ಲಿಷಿನ ಒಂದು ಅಕ್ಷರವೂ ಗೊತ್ತಿರಲಿಲ್ಲ. ಕೇದಾರಿಗೆ ಕೀಲಿಗಳ ಜಾಗ ಬಾಯಿಪಾಠವಿತ್ತು, ಆದರೆ ಒಂದು ತಪ್ಪಿದರೂ ಪರದೆಯಲ್ಲಿ ಅವನಿಗೆ ಕಾಣುತ್ತಿರಲಿಲ್ಲ. ಅವಳ ಬೆರಳು ಹಿಡಿದು ಒಂದೊಂದೇ ಕೀಲಿಯ ಮೇಲೆ ಇಟ್ಟ. ಮದುವೆಯಾಗಿ ನಲವತ್ತು ವರ್ಷಕ್ಕೆ, ಹಗಲು ಹೊತ್ತಿನಲ್ಲಿ, ಪಡಸಾಲೆಯಲ್ಲಿ ಅವನು ಅವಳ ಕೈ ಹಿಡಿದದ್ದು ಅದೇ ಮೊದಲು.

"ಇಪ್ಪತ್ತಾರು ಅದಾವ. ನೆನಪಿರತಾವ?"

"ಇನ್ನೂರು ಕುರಿ ಕಾದಾಕಿ ನಾನು," ಎಂದಿದ್ದಳು ಅವಳು.

ನಾಲ್ಕು ಹಿಂಡು ಬೆರೆತರೂ ಕಿವಿಯ ಗುರುತು ನೋಡಿ ಯಾರ ಕುರಿ ಯಾವುದೆಂದು ಬೇರ್ಪಡಿಸುತ್ತಿದ್ದ ಹುಡುಗಿ ಅವಳು. ಕೀಲಿಗಳನ್ನೂ ಹಾಗೆಯೇ ಗುರುತು ಮಾಡಿಕೊಂಡಳು. ನೆಟ್ಟಗೆ ಒಂದೇ ಸೀಳು: ಅದು ಅವಳಪ್ಪನ ಹಿಂಡಿನದು. ಪಕ್ಕದಲ್ಲಿ ಮೂರು ಕಚ್ಚು: ಪರಪ್ಪ ಮಾವನದು. ಇನ್ನೊಂದು ಬಾಗಿದ ಕೊಂಬಿನಂತೆ, ಮತ್ತೊಂದು ಎರಡು ಸೀಳಿನದು. ಎಂಟು ಸಾಲು, ಎಂಟು ಹಿಂಡು. ಹದಿನೈದು ದಿನಕ್ಕೆ ಅವಳ ಬೆರಳು ತಡವರಿಸುವುದನ್ನು ಬಿಟ್ಟಿತು. ಬಾಗಿಲು ತೆರೆದಾಗ ವಸ್ತಿಯವರಿಗೆ ಕಾಣುತ್ತಿದ್ದದ್ದು ಮೇಜಿನ ಮುಂದೆ ಕೂತ ಕೇದಾರಿ ಸರ್, ಒಲೆಯ ಮುಂದೆ ಕೂತ ಮಾಯವ್ವ. ಕಣ್ಣು ಮಂಜಾದದ್ದು ಎಲ್ಲರಿಗೂ ಗೊತ್ತಿತ್ತು, ಆದರೆ ಸರ್‌ನ ಬೆರಳಿಗೇ ಎಲ್ಲ ಬಾಯಿಪಾಠ ಎಂದುಕೊಂಡಿದ್ದರು.

ಕಳೆದ ದಸರೆಗೆ ಹಳೆಯ ಕಾರ್ಡು ಸುಟ್ಟುಹೋಗಿ ಹೊಸದು ಬಂತು. ಅದು ಎಂಟು ಸಾಲಿಗೆ ಜಗ್ಗಲಿಲ್ಲ. ಕೇದಾರಿ ಹೆಂಡತಿಯ ಹೆಗಲು ಹಿಡಿದು ಗುಡ್ಡ ಹತ್ತಿ, ಕಾಲೇಜಿನ ಭೂಪಾಲ ಸರ್‌ಗೆ ಫೋನು ಮಾಡಿ ಕೇಳಿ ತಿಳಿದುಕೊಂಡ.

"ಇದಕ್ಕ ತಾ ಯಾವ ದೇಶದಾಗ ಅದೇನಿ ಅನ್ನೂದ ಗೊತ್ತಿಲ್ಲಂತ," ಇಳಿಯುತ್ತ ಹೇಳಿದ. "ಅದು ತಿಳಿಯೂ ತನಕ ಬರೇ ಕಿವಿಗೊಟ್ಟು ಕೇಳತೈತಿ. ತಾನಾಗಿ ಮಾತ ತಗಿಯೂದಿಲ್ಲ."

"ಹೊಸಾ ಸೊಸಿ ಇದ್ದಂಗ," ಎಂದಿದ್ದಳು ಮಾಯವ್ವ.

ಅವನು ನಿಂತು ಅವಳತ್ತ ತಿರುಗಿದ್ದ. ಕಾಣದ ಕಣ್ಣಿನಿಂದ ಅವಳನ್ನು ಎಷ್ಟೋ ಹೊತ್ತು ನೋಡಿದ್ದ. ನಗಲಿಲ್ಲ.

ದೇಶ ಹೇಳುವ ಆ ಸಾಲು ವಹಿಗೆ ಏರಲೇ ಇಲ್ಲ. ಬರೆಯುವವನಿಗೆ ಕಣ್ಣಿರಲಿಲ್ಲ, ಕಣ್ಣಿದ್ದವಳಿಗೆ ಆ ಅಕ್ಷರ ಬರೆಯಲು ಬರುತ್ತಿರಲಿಲ್ಲ.

*

"ಅಜಿಂಕ್ಯಾ," ಎಂದಳು ಮಾಯವ್ವ. ಬೆಳಗಿನಿಂದ ಅವಳು ಬಾಯಿ ತೆರೆದದ್ದು ಅದೇ ಮೊದಲು. "ಇನ್ನೊಂದ ಸಾಲ ಐತಿ. ನಾ ಹೇಳತೇನಿ, ನೀ ಒತ್ತು."

"ಹೇಳ್ರಿ ದೊಡ್ಡವ್ವ."

ಹೇಳಿಬಿಟ್ಟರೆ ಆಯಿತು, ಯಾರಿಗೂ ಏನೂ ತಿಳಿಯುವುದಿಲ್ಲ ಎಂದುಕೊಂಡಿದ್ದಳು. ಗಂಡ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು ಎಂದರೆ ಮುಗಿಯಿತು. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ. "ಮೊದಲ ನಮ್ಮಪ್ಪಂದು. ಆಮ್ಯಾಲ ಎರಡ ಸೀಳಿಂದು. ನಡುವ ಬಯಲ ಬಿಡು. ಮುಂದ... ಪರಪ್ಪ ಮಾವಂದು ಬರತೈತಿ..."

ಅಜಿಂಕ್ಯನ ಬೆರಳು ಗಾಳಿಯಲ್ಲಿ ನಿಂತಿತು.

"ಅಯ್ಯ ಶಿವನ!" ಬಾಳವ್ವ ಎದೆ ಮುಟ್ಟಿಕೊಂಡಳು. "ಸತ್ತವರ ಹೆಸರ ಹಿಡದ ಕರಿಯಾಕತ್ತಾಳ! ಒಂಚೂರ ನೀರ ಕುಡಸ್ರಿ ಇಕಿಗಿ."

"ಸಾಕು ಬಿಡ್ರಿ ಇನ್ನ," ಎಂದ ಸತ್ಯಪ್ಪ ಒದ್ದೆ ದನಿಯಲ್ಲಿ. "ಏಳ್ರಿ, ಎತ್ತೂಣು."

ನಾಲ್ವರು ಒಳಗೆ ಬಂದರು. ಮಾಯವ್ವ ಗಂಡನ ಮುಖ ನೋಡಿದಳು. ಯಾರಿಗೂ ಹೇಳಬ್ಯಾಡ ಎಂದ ಬಾಯಿ ಮುಚ್ಚಿತ್ತು. ಅವನಿಗೆ ಇದ್ದದ್ದು ಸರ್ ಎಂಬ ಆ ಒಂದು ಹೆಸರು. ಆ ಹೆಸರಿನ ಜೊತೆಗೇ ಅವನು ಮಣ್ಣಿಗೆ ಹೋಗಲೆಂದು ಬೆಳಗಿನಿಂದ ತುಟಿ ಕಚ್ಚಿ ಕೂತಿದ್ದಳು. ಅಲ್ಲಿ ಆಸ್ಪತ್ರೆಯಲ್ಲಿ ಮಗಳು ಫೋನು ಹಿಡಿದು ಕೂತಿದ್ದಾಳೆ.

ಅವಳು ಎದ್ದಳು.

"ಏಳಬಾರದ ಮಾಯವ್ವ!"

"ಕೂಸಿನ ಮಾತ ಐತ್ರಿ ಅಕ್ಕಾ," ಎಂದು ಅವಳು ನಡೆದೇಬಿಟ್ಟಳು. ಅಜಿಂಕ್ಯ ಕುರ್ಚಿ ಬಿಟ್ಟುಕೊಟ್ಟ. ಹಸಿರು ಬಳೆಗಳನ್ನು ಮೊಣಕೈಯ ಕಡೆ ಸರಿಸಿ, ಒಂದೇ ಬೆರಳಿನಿಂದ, ಯಾವ ಅವಸರವೂ ಇಲ್ಲದೆ ಒತ್ತತೊಡಗಿದಳು. ಎರಡು, ಬಯಲು. ಮೂರು, ಬಯಲು. ಮೂರು, ಬಯಲು. ದೇಶದ ಹೆಸರು ಹೇಳುವ ಕೊನೆಯ ಎರಡಕ್ಕೆ ಎಡಗೈಯಿಂದ ಅಂಚಿನ ಕೀಲಿಯನ್ನು ಅದುಮಿ ಹಿಡಿದಳು. ಆಮೇಲೆ ಏಳನೆಯ ಮತ್ತು ಎಂಟನೆಯ ಸಾಲನ್ನು ವಹಿ ನೋಡದೆ ಮತ್ತೆ ಹೊಡೆದಳು.

ಕಾರ್ಡಿನಲ್ಲಿ ಹಸಿರು ದೀಪ ಒಮ್ಮೆ ಮಿಟುಕಿ ನಿಂತಿತು.

ಸತ್ಯಪ್ಪನೇ ಕೇಳಿದ: "ವೈನಿ, ಇದನ್ನ ಯಾವಾಗ ಕಲ್ತ್ರಿ?"

"ಅವರ ಕಣ್ಣ ಹೋದ ಮ್ಯಾಲ." ಮಾತು ಹೊರಗೆ ಬಿತ್ತು. ಅವಳು ಕಂಬಳಿಯ ಕಡೆ ತಿರುಗಿ, ಕ್ಷಮೆ ಕೇಳುವವಳಂತೆ, ಅವನಿಗೇ ಹೇಳಿದಳು: "ಎರಡ ವರ್ಷಾತು. ಹೇಳಬ್ಯಾಡ ಅಂದಿದ್ರಿ."

"ಅಂದ್ರ ನಿನ್ನಿ ಮುಂಜಾನೆ..." ಅಲ್ಲಪ್ಪನ ಮಾತು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಜನರ ಜೇಬುಗಳಲ್ಲಿ, ಸೊಂಟದ ಚೀಲಗಳಲ್ಲಿ, ಬೆಳಗಿನಿಂದ ತಡೆದು ನಿಂತಿದ್ದ ಸಂದೇಶಗಳೆಲ್ಲ ಒಮ್ಮೆಲೇ ಬಂದು ಫೋನುಗಳು ಗಿಲಗಿಲ ಅಂದವು. ಎಲ್ಲರೂ ನಾಚಿಕೊಂಡು ಅವನ್ನು ಅದುಮಿ ಹಿಡಿದರು. ಅಜಿಂಕ್ಯನ ಕೈಯ ಫೋನಿನಲ್ಲಿ ಸ್ನೇಹಲಳ ಮುಖ ಮೂಡಿತು. ಬಾತ ಕಣ್ಣು, ಹಿಂದೆ ಆಸ್ಪತ್ರೆಯ ನೀಲಿ ಗೋಡೆ. ಅಪ್ಪನನ್ನು ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಕೂಸಿನ ಅಂಗಾಲನ್ನು ಮೆಲ್ಲಗೆ ಚಿವುಟಿದಳು.

ಏಳಬಾರದೆಂದಿದ್ದ ಬಾಳವ್ವನೇ ಬಾಗಿ, ತಮ್ಮನ ತಲೆಗೆ ಕಟ್ಟಿದ ಬಟ್ಟೆಯನ್ನು ಕಿವಿಯಿಂದ ಸರಿಸಿದಳು. ಮಾಯವ್ವ ಫೋನನ್ನು ಅಲ್ಲಿಟ್ಟಳು. ಎರಡು ದಿನದ ಕೂಸು ಪಡಸಾಲೆ ತುಂಬ ಅತ್ತಿತು.

ಅಲ್ಲಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಸರ್ ಅಂತ ನಾವು ಸುಮ್ನ ಕರಿಯೂದ ಇತ್ತಲೇ," ಎಂದ ಯಾರ ಕಡೆಗೂ ನೋಡದೆ. "ಮಗಾ ಖರೇನ ಸರ್ ಇದ್ದ. ಎಂಥಾಕಿನ್ನ ತಯಾರ ಮಾಡಿ ಹೋಗ್ಯಾನ ನೋಡು. ಹೂಂ, ಹಿಡೀರಿ. ಕೇದಾರಿ ಸರ್‌ನ ಎತ್ತೂಣು."

*

ಸಂಜೆ, ಮಣ್ಣು ಕೊಟ್ಟು ಬಂದವರು ಮಿಂದು, ದೀಪ ನೋಡಿ ಹೋದ ಮೇಲೆ, ಅಜಿಂಕ್ಯ ವಹಿ ಮತ್ತು ಪೆನ್ನು ತಂದು ಮಾಯವ್ವನ ಮುಂದೆ ಇಟ್ಟ.

"ಒಂಬತ್ತನೇದ ಬರದ ಕೊಡ್ರಿ ದೊಡ್ಡವ್ವ. ಪರದ್ಯಾಗ ನೋಡಿ ನಾನ ಬರೀಬಹುದಿತ್ತು. ಬ್ಯಾಡ ಅನಿಸ್ತು."

"ನನಗ ಇಂಗ್ಲಿಷ ಅಕ್ಷರ ಬರೂದಿಲ್ಲೋ ತಮ್ಮಾ."

"ಹೆಂಗ ಬರತೈತಿ ಹಂಗ."

ಅವಳು ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಬಳೆಯಿಲ್ಲದ ಕೈ ಹಗುರವಾಗಿ, ಬೇರೆ ಯಾರದೋ ಕೈಯಂತಿತ್ತು. ಆಮೇಲೆ ಗಂಡನ ಎಂಟನೆಯ ಸಾಲು ಇಳಿಜಾರಾಗಿ ನಿಂತಿದ್ದ ಕೆಳಗೆ, ನೆಟ್ಟಗೆ, ಹತ್ತು ಕುರಿಗಳ ಕಿವಿಗಳನ್ನು ಬರೆದಳು. ಎರಡು ಬರೆದು ಬಯಲು ಬಿಟ್ಟಳು. ಮೂರು ಬರೆದು ಬಿಟ್ಟಳು, ಮತ್ತೆ ಮೂರು ಬರೆದು ಬಿಟ್ಟಳು. ಒಂದೊಂದರಲ್ಲೂ ಅದರದರ ಸೀಳು, ಅದರದರ ಕಚ್ಚು. ದೇಶದ ಆ ಕೊನೆಯ ಎರಡನ್ನು ಮಾತ್ರ ದೊಡ್ಡದಾಗಿ ಬರೆದಳು. ಅವುಗಳಲ್ಲಿ ಮೊದಲನೆಯ ಕಿವಿಗೆ ಇದ್ದದ್ದು ಒಂದೇ ಸೀಳು, ಅವಳಪ್ಪನ ಹಿಂಡಿನದು.