ಒಂಬೈನೂರನೆಯ ವಾರ

“ಗರ್ಭ ನಿಲ್ಲೋಕೆ ಮುಂಚೇನೇ ಬಸುರಿಗೆ ಎರಡು ವಾರ ತುಂಬಿರುತ್ತೆ. ಹೇಗೆ, ಹೇಳಿ ನೋಡೋಣ, ಓದಿದವರೇ?”

ಜೀವಕೋಶಗಳ ವಿಭಜನೆಯನ್ನು ಕುರಿತು ನಾಲ್ಕು ದಪ್ಪ ಪುಸ್ತಕಗಳನ್ನು ಓದಿ ಅರಗಿಸಿಕೊಂಡಿದ್ದೇನೆಂದು ಬೀಗುತ್ತಿದ್ದ ನಾನು, ಇಪ್ಪತ್ತೇಳರ ವಯಸ್ಸಿನಲ್ಲಿ, ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಫಿನಾಯಿಲ್ ವಾಸನೆಯ ಕೋಣೆಯಲ್ಲಿ ನಿಂತು ಈ ಪ್ರಶ್ನೆಗೆ ಬೆಬ್ಬೆಬ್ಬೆ ಎಂದೆ. ಕೇಳಿದವರು ಅಲ್ಲಿನ ಹಿರಿಯ ದಾದಿ. ಎದುರಿಗೆ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ಬೆನ್ನ ಹಿಂದೆ ವಾರದಮ್ಮ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಬಿದ್ದುದರಿಂದ ಅವರಿಗೇನೂ ಬೇಸರವಿದ್ದಂತಿರಲಿಲ್ಲ.

ಅವರ ಕಾಲಗಣನೆಯೇ ಬೇರೆ. ಆಸ್ಪತ್ರೆಯ ಛಾವಣಿ ಸೋರಲಾರಂಭಿಸಿ ಮೂರನೇ ವಾರ, ನಾದಿನಿ ಮಾತು ಬಿಟ್ಟು ಹನ್ನೊಂದನೇ ವಾರ, ಹೊಸ ಚಪ್ಪಲಿ ಕಚ್ಚುವುದನ್ನು ನಿಲ್ಲಿಸಿ ಎರಡನೇ ವಾರ. ಬೇಸಗೆಯಲ್ಲೂ ಕಳಚದ ನೀಲಿ ಸ್ವೆಟರಿನ ಎಡಜೇಬು ಅಳತೆಪಟ್ಟಿಯ ಭಾರಕ್ಕೆ ಜೋತು ಮೊಣಕಾಲನ್ನು ಮುಟ್ಟಲು ಹವಣಿಸುತ್ತಿತ್ತು. ತುರುಬಿನಲ್ಲಿ ಹೂವಿರಬೇಕಾದ ಕಡೆ ಒಂದು ಮೋಟು ಕೆಂಪು ಪೆನ್ಸಿಲ್ ಇರುತ್ತಿತ್ತು. ಬಲಭುಜವನ್ನು ತುಸು ತಗ್ಗಿಸಿ, ಅದೃಶ್ಯವಾದ ಕೊಡವೊಂದನ್ನು ತುಳುಕದಂತೆ ಹೊತ್ತವರ ಹಾಗೆ ನಡೆಯುತ್ತಿದ್ದರು. ಹೆರಿಗೆಕೋಣೆಯಿಂದ ಚೀರಾಟ ಕೇಳಿದಾಗಲೂ ಆ ನಡಿಗೆ ಓಟವಾದದ್ದನ್ನು ಕಂಡವರಿಲ್ಲ.

ಗೋಡೆಯ ಕ್ಯಾಲೆಂಡರಿನ ಮೇಲೆ ಆ ಪೆನ್ಸಿಲಿನಿಂದ ಎರಡು ಗೆರೆ ಎಳೆಯುವುದೇ ಅವರ ಪಾಠ: ಹದಿಮೂರನೆಯ ವಾರದ ಕೊನೆಗೊಂದು, ಇಪ್ಪತ್ತೇಳರ ಕೊನೆಗೊಂದು. “ಮೂರು ಮನೆ ಕಣಮ್ಮ. ಮೊದಲನೇ ಮನೇಲಿ ಯಾರ ಕಣ್ಣಿಗೂ ಬೀಳಲ್ಲ, ನಿನಗೆ ಮಾತ್ರ ವಾಂತಿ ಬರಿಸಿ ಗೊತ್ತು ಮಾಡುತ್ತೆ. ಎರಡನೇ ಮನೇಲಿ ಒದ್ದು ಹೇಳುತ್ತೆ. ಮೂರನೇ ಮನೇಲಿ ನಿನ್ನ ನಿದ್ದೇನೂ ಅದರದ್ದೇ.” ನಲವತ್ತು ವಾರವೆಂದರೆ ಹತ್ತು ತಿಂಗಳಾಯಿತಲ್ಲ, ಎಲ್ಲರೂ ಒಂಬತ್ತು ಎನ್ನುತ್ತಾರಲ್ಲ ಎಂದು ಯಾರಾದರೂ ಕೇಳಿದರೆ ಅವರಿಗೆ ಎಲ್ಲಿಲ್ಲದ ಹುರುಪು. “ತಿಂಗಳಿಗೆ ನಾಲ್ಕೇ ವಾರ ಅಂದವರು ಯಾರು? ಒಂದೊಂದು ತಿಂಗಳಿಗೂ ಎರಡು ಮೂರು ದಿನದ ಬಾಲ ಇರುತ್ತೆ. ಆ ಬಾಲಗಳನ್ನೆಲ್ಲ ಸೇರಿಸಿ ನೋಡು, ನಿನ್ನ ಹತ್ತನೇ ತಿಂಗಳು ಅಲ್ಲೇ ಕರಗಿಹೋಗಿರುತ್ತೆ. ಒಂಬತ್ತರ ಮೇಲೆ ಉಳಿಯೋದು ಒಂದೇ ವಾರ.”

ನನ್ನ ಪಾಠ ಮಾತ್ರ ಹೀಗೆ ನಗುವಿನಲ್ಲಿ ಮುಗಿಯಲಿಲ್ಲ. ನೀರಿನ ಪರೀಕ್ಷಾಲಯದ ಕೆಲಸದ ತರಬೇತಿಗೆಂದು ಮೂರು ತಿಂಗಳು ಬೇರೆ ಊರಿನಲ್ಲಿದ್ದು ಬಂದಿದ್ದೆ. ಆ ದಿನ ಡಾಕ್ಟರಮ್ಮ ನನ್ನ ಹೆಂಡತಿಯ ಚೀಟಿಯಲ್ಲಿ ಎಂಟು ವಾರವೆಂದು ಬರೆದು ಒಳಗೆ ಪರೀಕ್ಷೆಗೆ ಕರೆದೊಯ್ದರು. ಚೀಟಿ ನನ್ನ ಕೈಯಲ್ಲಿ ಉಳಿಯಿತು. ಸಂದೇಹವೇ ಜ್ಞಾನದ ಹೆಬ್ಬಾಗಿಲೆಂದು ಗೆಳೆಯರಿಗೆ ಉಪದೇಶಿಸುತ್ತಿದ್ದ ನಾನು ಬಸ್ಸಿನ ಟಿಕೇಟಿನ ಬೆನ್ನಮೇಲೆ ಕೂಡಿದೆ, ಕಳೆದೆ; ಮತ್ತೊಮ್ಮೆ ಕಳೆದೆ. ಆಮೇಲೆ ಸಿಸ್ಟರ್ ಬಳಿಗೆ ಹೋಗಿ, ಸತ್ಯಾನ್ವೇಷಣೆಯಲ್ಲಿ ತೊಡಗಿದವನ ತಣ್ಣನೆಯ ದನಿಯಲ್ಲಿ ಹೇಳಿದೆ: “ಎಂಟು ವಾರ ಅಂತ ಬರೆದಿದಾರೆ. ನಾನು ಊರಿಗೆ ಬಂದೇ ಆರೂವರೆ ವಾರ ಆಗಿರೋದು.”

ಅವರು ನನ್ನನ್ನು ನೋಡಲಿಲ್ಲ. ಒಳಕೋಣೆಗೆ ಇಳಿಬಿಟ್ಟಿದ್ದ ಹಸಿರು ಪರದೆಯತ್ತ ಒಮ್ಮೆ ನೋಡಿ, ತೊಟ್ಟಿಯ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ಭರ್ರನೆ ಸುರಿಯುತ್ತಿತ್ತು, ಕೈ ತೊಳೆಯುವವರು ಯಾರೂ ಇರಲಿಲ್ಲ. ಆ ಸದ್ದಿನಲ್ಲಿ ನನ್ನನ್ನು ಕ್ಯಾಲೆಂಡರಿನ ಮುಂದೆ ನಿಲ್ಲಿಸಿ ಆ ಪ್ರಶ್ನೆ ಕೇಳಿದರು. ನಾನು ತಡವರಿಸಿದ ಮೇಲೆ ತಾವೇ ಉತ್ತರಿಸಿದರು.

“ಗರ್ಭ ನಿಂತ ದಿನ ಯಾವತ್ತು ಅಂತ ಯಾರಿಗೂ ಗೊತ್ತಾಗಲ್ಲ. ಕಡೇ ಸಲ ಮುಟ್ಟಾದ ದಿನ ಹೆಂಗಸಿಗೆ ನೆನಪಿರುತ್ತೆ. ಗೊತ್ತಿರೋ ಕಡೆಯಿಂದ ಎಣಿಸ್ತೀವಿ. ಎರಡು ವಾರ ಖಾಲಿ ಹೊಟ್ಟೆಗೇ ಲೆಕ್ಕ. ಎಂಟರಲ್ಲಿ ಎರಡು ಹೋದರೆ ಎಷ್ಟು?”

“ಆರು.”

“ಆಗ ನೀವು ಎಲ್ಲಿದ್ರಿ?”

“ಮನೇಲಿ,” ಎಂದೆ. ಭೂಮಿ ಬಾಯ್ಬಿಡಬಾರದೇ ಎಂಬ ಮಾತಿನ ಅರ್ಥ ನನಗಾದದ್ದು ಅಂದು.

ಅವರು ಟಿಕೇಟನ್ನು ಕಿತ್ತುಕೊಂಡು ಸ್ವೆಟರಿನ ಜೇಬಿಗೆ ತುರುಕಿದರು. “ಇಪ್ಪತ್ತೈದನೇ ವಾರಕ್ಕೆಲ್ಲ ಮಗುವಿಗೆ ಹೊರಗಿನ ಮಾತು ಕೇಳೋಕೆ ಶುರುವಾಗಿರುತ್ತೆ. ಅಷ್ಟರೊಳಗೆ ಹೆಂಡತಿ ಹತ್ರ ಇದನ್ನ ಹೇಳಿ ತಪ್ಪಾಯ್ತು ಅಂದುಬಿಡಿ. ನಾನಂತೂ ಹೇಳಲ್ಲ.”

ಹದಿನೇಳು ವಾರಗಳ ಗಡುವು ಧಾರಾಳವೇ ಆಗಿತ್ತು. ಇಪ್ಪತ್ತನೆಯ ವಾರದ ಬಳಿಕ ಪ್ರತಿ ಭೇಟಿಯಲ್ಲೂ ಅವರು ಹೆಂಡತಿಯ ಹೊಟ್ಟೆಯ ಮೇಲೆ ಪಟ್ಟಿಯಿಟ್ಟು ಗರ್ಭದ ಎತ್ತರ ಅಳೆಯುತ್ತಿದ್ದರು. ಎಷ್ಟು ಸೆಂಟಿಮೀಟರೋ ಹೆಚ್ಚುಕಡಿಮೆ ಅಷ್ಟೇ ವಾರ. ಇದನ್ನು ನಂಬದೆ ಮನೆಯಲ್ಲಿ ಗುಟ್ಟಾಗಿ ಪಟ್ಟಿಮಾಡಿ ತಾಳೆ ನೋಡಿದೆ. ಒಂದೆರಡಕ್ಕಿಂತ ಹೆಚ್ಚು ಅಂತರ ಸಿಗಲಿಲ್ಲ. ಅಳೆದಾದ ಮೇಲೆ ಹೊರಬಂದು, “ಇಪ್ಪತ್ತನಾಲ್ಕು. ಹೇಳಿದ್ರಾ?” ಎನ್ನುತ್ತಿದ್ದರು. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಓದುತ್ತಿದ್ದೆ.

ಮಗಳು ಹುಟ್ಟಿದಳು. ನನ್ನದೇ ಕಿವಿ, ನನ್ನದೇ ಮೊಂಡು ಮೂಗು. ಆ ಹೋಲಿಕೆಯನ್ನು ಬಂದವರೆಲ್ಲ ಕೊಂಡಾಡುವಾಗ ನಾನೊಬ್ಬನೇ ತಲೆ ತಗ್ಗಿಸಿದೆ. ಹೇಳಬಹುದಾಗಿದ್ದ ಸಂಜೆಗಳು ನೂರಾರು ಬಂದುಹೋದವು. ಸುಖವಾಗಿದ್ದ ದಿನ ಸುಖ ಕೆಡಿಸಲೇಕೆ ಎಂದುಕೊಂಡೆ, ಜಗಳವಾಡಿದ ದಿನ ಆಯುಧ ಕೊಡಲೇಕೆ ಎಂದುಕೊಂಡೆ. ಸಿಸ್ಟರ್ ಮನೆ ಎರಡು ಬೀದಿಯಾಚೆ. ನಿವೃತ್ತರಾದ ಮೇಲೂ ಆಗಾಗ ಹೆಂಡತಿಯ ಜೊತೆ ಹರಟೆಗೆ ಬರುತ್ತಿದ್ದರು, ಹೊರಡುವಾಗ ಮೆಟ್ಟಿಲ ಬಳಿ ನಾನು ಸಿಕ್ಕರೆ ಅದೇ ಪ್ರಶ್ನೆ, ಎರಡೇ ಅಕ್ಷರಕ್ಕೆ ಇಳಿದು: “ಆಯ್ತಾ?” ಕಳೆದ ವರ್ಷ ಕೊನೆಯ ಬಾರಿ ಸಿಕ್ಕಾಗ ಕೋಲೂರಿ ನಿಂತು ನನ್ನನ್ನು ದಿಟ್ಟಿಸಿದರು. “ಒಂಬೈನೂರು ವಾರ ದಾಟಿತಲ್ಲಪ್ಪ! ನನ್ನ ಸರ್ವೀಸಿನಲ್ಲಿ ಇಂಥಾ ಬಸುರು ನಾನು ಕಂಡಿಲ್ಲ.” ನಕ್ಕರು. ನಾನೂ ನಕ್ಕು ಪಾರಾದೆ.

ಮೂರು ವಾರದಲ್ಲಿ ಅವರು ತೀರಿಕೊಂಡರು. ಪುಸ್ತಕದ ವಿದ್ಯೆ ನಮ್ಮಂಥವರಿಗೆ ಸಂದೇಹಿಸಲು ಕಲಿಸುತ್ತದೆ, ಸಂದೇಹಿಸಿದ್ದಕ್ಕೆ ಕ್ಷಮೆ ಬೇಡಲು ಕಲಿಸುವುದಿಲ್ಲ; ಅದಕ್ಕೆ ಇಂಥ ಸೂಲಗಿತ್ತಿಯರೇ ಬೇಕು. ಅವರು ಎಳೆಯುವುದಿಲ್ಲ, ದೂಡುವುದಿಲ್ಲ. ಪಕ್ಕದಲ್ಲಿ ಕುಳಿತು ಹೊತ್ತನ್ನು ಎಣಿಸುತ್ತಾರೆ. ಅವರು ಹೊತ್ತ ಗುಟ್ಟು ನಮ್ಮದೊಂದೇ ಎಂದು ನಾವು ತಿಳಿದಿರುತ್ತೇವೆ.

ಅವರನ್ನು ಕಳಿಸಿಕೊಟ್ಟು ಬಂದ ಸಂಜೆ, ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. “ನಿನಗೊಂದು ಮಾತು ಹೇಳಬೇಕಿತ್ತು. ಆವತ್ತು ಆಸ್ಪತ್ರೇಲಿ...”

ಹೆಂಡತಿ ತಿರುಗಲಿಲ್ಲ. “ಅದು ಬಟ್ಟೆ ಪರದೆ ಕಣ್ರೀ, ಗೋಡೆಯಲ್ಲ. ಅವರು ನಲ್ಲಿ ತಿರುಗಿಸೋ ಹೊತ್ತಿಗೆ ನೀವು ಹೇಳಿ ಮುಗಿಸಿದ್ರಿ.”

ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. “ನಿನಗೆ ಗೊತ್ತು ಅಂತ ಸಿಸ್ಟರ್‌ಗೆ ಗೊತ್ತಿತ್ತಾ?”

“ನಾನೇ ಹೇಳಿದ್ದೆ, ಅದರ ಮುಂದಿನ ಭೇಟೀಲಿ. ನಿಮ್ಮನ್ನ ಕೂರಿಸಿ ಬಾಯಿ ಬಿಡಿಸ್ತೀನಿ ಅಂದ್ರು. ಬೇಡ, ಅವರಾಗೇ ಹೇಳಲಿ, ನೀವು ಕೇಳ್ತಾ ಇರಿ ಸಾಕು ಅಂದೆ.” ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಪಾಪ, ಮನೆಗೆ ಬಂದಾಗಲೆಲ್ಲ ನನ್ನ ಕಿವೀಲಿ ಹೇಳಿ ಹೋಗೋರು, ‘ಇನ್ನೂ ಇಲ್ಲ ಕಣಮ್ಮ’ ಅಂತ.”