ತೋಳನ ಹಳ್ಳ

ಬೆರಳ ಸಂದಿಯಿಂದ ಸುರಿಯುತ್ತಿದ್ದ ಹಳದಿ ರಂಗೋಲಿ ಪುಡಿ ಹಳ್ಳದ ತಿರುವಿಗೆ ಬಂದು ನಿಂತಿತು. ಚಿಕ್ಕಯ್ಯ ತಲೆ ಎತ್ತಲಿಲ್ಲ. ಶಾಲೆಯ ಅಂಗಳದಲ್ಲಿ ಊರಿಗೂರೇ ಅವನ ಸುತ್ತ ಕುಕ್ಕರಗಾಲಿನಲ್ಲಿ ಕೂತಿತ್ತು. ಅವರ ಗುಡ್ಡ, ಕೆರೆ, ಕುರಿದಾರಿ, ಬಂಡೆಸಾಲು ಎಲ್ಲವೂ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಮೂಡಿದ್ದವು. ಹೆಂಡತಿ ಅಣ್ಣಮ್ಮ ಆಗಲೇ ನಕ್ಕು, "ಎಪ್ಪತ್ತು ವರ್ಸಕ್ಕೆ ರಂಗೋಲಿ ಕಲ್ತೆ ಬುಡು" ಎಂದು ಚುಚ್ಚಿದ್ದಳು.

ತೊಂಬತ್ತಾರರ ಕಾರ್ತೀಕ. ಕುರುಚಲು ಗುಡ್ಡ ಅಭಯಾರಣ್ಯವಾಗಿ ಎಷ್ಟೋ ವರ್ಷವಾಗಿತ್ತು. ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರನ್ನು ಇಲ್ಲಿಗೂ ಕರೆತರುವ ಯೋಜನೆಯೊಂದನ್ನು ಹಿಡಿದು ಮೈಸೂರಿನಿಂದ ಅಧಿಕಾರಿಯೊಬ್ಬರು ಬಂದಿದ್ದರು. ಕಾಡೂ ಉಳಿಯಬೇಕು, ಊರೂ ಬದುಕಬೇಕು. ಜನ ಎಲ್ಲಿ ಓಡಾಡಬಹುದು, ಎಲ್ಲಿ ಕೂಡದು ಎಂಬುದನ್ನು ಊರವರೇ ನೆಲದ ಮೇಲೆ ಬರೆದು ಹೇಳಬೇಕು ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಫಾರೆಸ್ಟ್ ವಾಚರ್ ಪುಟ್ಟಸ್ವಾಮಿ, ಅಣ್ಣಮ್ಮನ ತಮ್ಮ, ಅವರ ಕಿವಿಯಲ್ಲಿ ಏನನ್ನೋ ಹೇಳಿದ. ಅವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಚಿಕ್ಕಯ್ಯನ ಕೈಗೆ ಕೊಟ್ಟರು.

ಹತ್ತು ಜನರ ಮುಂದೆ ವೀಳ್ಯ ಕೊಟ್ಟವರು ಆ ಸೀಮೆಯಲ್ಲಿ ಮಾತಿಗೆ ತಪ್ಪುವುದಿಲ್ಲ. ಹೆಣ್ಣು ಕೊಡುವುದೂ ಹೊಲದ ಬದು ಒಪ್ಪುವುದೂ ಅದರ ಮೇಲೆಯೇ. ಚಿಕ್ಕಯ್ಯ ಎಲೆಯನ್ನು ಕಣ್ಣಿಗೊತ್ತಿಕೊಂಡ. ಅಪ್ಪನಾಗಲಿ ತಾತನಾಗಲಿ ಹಟ್ಟಿಯ ಹೊರಗೆ ಎಂದೂ ಆಡದಿದ್ದ ಮಾತು ಆಮೇಲೆ ಅವನ ಬಾಯಿಂದ ಬಂತು.

"ಈ ತಿರುವಲ್ಲಿ, ಬಂಡೆ ಕೆಳಗೆ ತೋಳ ಮರಿ ಆಕ್ತದೆ ಸೋಮಿ. ದೀಪಾವಳಿಯಿಂದ ಶಿವರಾತ್ರಿಗಂಟ ನಮ್ಮ ಕುರಿ ಈ ಇಳಿಜಾರು ಮೆಟ್ಟಾಕಿಲ್ಲ. ಅದೂ ನಮ್ಮ ಅಟ್ಟಿ ಮುಟ್ಟಾಕಿಲ್ಲ. ಇಲ್ಲಿಗೆ ಮಾತ್ರ ಯಾರೂ ಬರ್ಬಾರ್ದು."

ಅಧಿಕಾರಿ ಮೊಣಕಾಲೂರಿ ಕೂತು ಆ ಜಾಗವನ್ನು ಕಾಗದಕ್ಕೆ ಇಳಿಸಿಕೊಂಡರು. ಬಲು ಎಚ್ಚರದಿಂದ, ಒಂದು ಬಂಡೆಯೂ ತಪ್ಪದಂತೆ.

ಮರುವರ್ಷ ಅದೇ ಕಾಲಕ್ಕೆ ಪುಟ್ಟಸ್ವಾಮಿ ನಾಲ್ಕು ಆಳುಗಳೊಂದಿಗೆ ಹಳ್ಳದ ಎದುರು ದಿಬ್ಬದಲ್ಲಿ ಕಲ್ಲುಕಂಬಕ್ಕೆ ಗುಂಡಿ ತೋಡುತ್ತಿದ್ದ. ಆ ಅಧಿಕಾರಿಗೆ ವರ್ಗವಾಗಿತ್ತು. ಅವರು ಬಿಟ್ಟುಹೋದ ಕಾಗದದಲ್ಲಿ ಜಾಗವಿತ್ತು, ವೀಳ್ಯವಿರಲಿಲ್ಲ. ಇಡೀ ಗುಡ್ಡದಲ್ಲಿ ತೋಳ ಖಂಡಿತವಾಗಿ ಕಾಣುವುದು ಅಲ್ಲೊಂದೇ ಕಡೆಯೆಂದು, ಹೊಸದಾಗಿ ಬಂದವರು ಅಲ್ಲಿಯೇ ಪ್ರವಾಸಿಗರು ನಿಂತು ನೋಡುವ ಕಟ್ಟೆ ಕಟ್ಟಲು ಬರೆದಿದ್ದರು. ಜೀಪಿನ ದಾರಿ ಆಗಲೇ ಆಗಿತ್ತು.

"ಗುಂಡಿ ಮುಚ್ಚು ಕಣ್ಲಾ" ಎಂದ ಚಿಕ್ಕಯ್ಯ.

"ನಾನು ಮುಚ್ಚುದ್ರೆ ಇನ್ನೊಬ್ಬ ತೋಡ್ತಾನೆ ಬಾವ. ಕಾಯಂ ಮಾಡ್ತೀವಿ ಅಂದವ್ರೆ. ಅನ್ನೊಂದು ವರ್ಸದಿಂದ ದಿನಗೂಲೀಲೇ ಸವ್ದೋದೆ."

"ಎಲೆ ಕೊಡಿ ಅಂತ ಏಳ್ಕೊಟ್ಟೋನು ನೀನೇ ಅಲ್ವೇನ್ಲಾ?"

ಪುಟ್ಟಸ್ವಾಮಿ ಹಾರೆಗೆ ಅಂಟಿದ ಮಣ್ಣನ್ನು ಕಾಲಿನಿಂದ ಕೆರೆಯುತ್ತ ನಿಂತ. "ಎಲೆ ಕೊಟ್ರೆ ನೀನು ಬಾಯಿ ಬುಡ್ತೀಯ ಅಂತ ಗೊತ್ತಿತ್ತು" ಎಂದ. ಹಾರೆಯನ್ನು ಮತ್ತೆ ಎತ್ತಿಕೊಂಡು, "ಒಳ್ಳೇದಾಯ್ತದೆ ಅಂತ್ಲೇ ಏಳಿದ್ದು ಕಣ್ ಬಾವ."

ಕಟ್ಟೆ ಎದ್ದ ಮೇಲಿನ ಮೊದಲ ಭಾನುವಾರ ಎರಡು ವ್ಯಾನು ಬಂದವು. ಮಕ್ಕಳು ಕೇಕೆ ಹಾಕಿದವು. ಯಾರೋ ಬಂಡೆಗೆ ಕಲ್ಲೆಸೆದು ನೋಡಿದರು. ಮಂಗಳವಾರ ಬೆಳಿಗ್ಗೆ, ಕಿವಿ ಹರಿದ ತಾಯಿತೋಳ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಬಯಲು ದಾಟುವುದನ್ನು ಅಣ್ಣಮ್ಮ ಕಂಡಳು. ಸಂಜೆಯೊಳಗೆ ಹಳ್ಳ ಬರಿದಾಗಿತ್ತು. ಅದು ಹೋದದ್ದು ಹೊಣಕೆರೆಯ ಕಡೆಗೆ. ಅಲ್ಲಿನವರಿಗೆ ಅದರ ಗುರುತಿರಲಿಲ್ಲ. ಅದಕ್ಕೆ ಅವರ ಹಟ್ಟಿಗಳ ಹಂಗಿರಲಿಲ್ಲ. ಮೂರು ಕುರಿ ಹೋದವು. ನಾಲ್ಕನೆಯದರ ಹೊಟ್ಟೆಗೆ ಯಾರೋ ವಿಷ ತುಂಬಿ ಬಯಲಿನಲ್ಲಿಟ್ಟರು.

ಪುಟ್ಟಸ್ವಾಮಿ ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಬಂದ. ಕಚೇರಿಗೆ ಒಯ್ಯಬೇಕಿದ್ದುದನ್ನು ಬಾವನ ಹಟ್ಟಿಯ ಮುಂದೆ ಇಳಿಸಿ ದೂರ ನಿಂತ. ಚಿಕ್ಕಯ್ಯ ಚೀಲದ ಬಾಯಿ ಬಿಚ್ಚಿ, ಹರಿದ ಕಿವಿಯನ್ನು ಎರಡು ಬೆರಳಿನಲ್ಲಿ ಸವರಿದ. ಮರಿಗಳೆಲ್ಲಿ ಎಂದು ಕೇಳಿದ. ಹುಡುಕಿದೆ, ಸಿಕ್ಕಲಿಲ್ಲ ಎಂದ ಪುಟ್ಟಸ್ವಾಮಿ. ಯಾವುದೋ ಪೊದೆಯಲ್ಲಿ ಅವು ಹಾಲಿಗೆ ಕಾಯುತ್ತಿವೆಯೆಂಬುದು ಇಬ್ಬರಿಗೂ ಗೊತ್ತಿತ್ತು. ಅಣ್ಣಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಂದು ಬಾಗಿ ನೋಡಿದಳು. "ಬಾಣಂತಿ ಕಣಪ್ಪ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಚಿಕ್ಕಯ್ಯ ಮಂದೆಯನ್ನು ಆ ಇಳಿಜಾರಿಗೇ ಅಟ್ಟಿದ. ಶಿವರಾತ್ರಿಗೆ ಇನ್ನೂ ಎರಡು ತಿಂಗಳಿತ್ತು. ಯಾರೂ ಮೆಟ್ಟದ ಹುಲ್ಲು ಮೊಣಕಾಲುದ್ದ ಹಣ್ಣಾಗಿ ನಿಂತಿತ್ತು. ಕಾರೆಪೊದೆಗಳ ಸಾಲಿನ ಬಳಿ ಮುಂದಿನ ಕುರಿ ನಿಂತಿತು. ಅದರ ಹಿಂದೆ ಎಲ್ಲವೂ ನಿಂತವು.

"ಓಗಿ, ಇನ್ನೇನೈತೆ ಅಲ್ಲಿ" ಎಂದು ಅವನು ಕೋಲಿನಿಂದ ನೂಕಿದ. ಮತ್ತೆ ನೂಕಿದ.

ಕುರಿಗಳು ಹೆಜ್ಜೆ ಕೀಳಲಿಲ್ಲ. ಒಂದರ ಮೈಗೊಂದು ಒತ್ತಿಕೊಂಡು, ಕಿವಿ ನಿಮಿರಿಸಿ, ಬಂಡೆಯ ಕಡೆಗೆ ನೋಡುತ್ತ ನಿಂತೇ ಇದ್ದವು.