ಚುಕ್ಕೆ ತೆಗೆದ ಹೆಸರು

ಬಾಗಿಲಲ್ಲಿ ಎರಡು ತೂತು, ಹಜಾರದ ಬೆಳಕು ಅವುಗಳಿಂದ ತೂರಿ ಬಂದು ಮೇಜಿನ ಮೇಲೆ ಬಿದ್ದಿದೆ, ಶುಕ್ರವಾರದವರೆಗೆ ಅಲ್ಲಿ ಸ್ಯಾದೆಯ ಹೆಸರಿನ ಫಲಕವಿತ್ತು, ಕಳಚಿದವರಿಗೆ ತೂತು ಮುಚ್ಚುವಷ್ಟೂ ಮರ್ಯಾದೆಯಿಲ್ಲ, ಇಪ್ಪತ್ತು ವರ್ಷ ಇಲ್ಲಿ ಕೂತು ಮರ ಕಡಿಯುವ ಯಂತ್ರಗಳೊಳಗಿನ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗೆ ಬೇಕಾದಷ್ಟೇ ಲಿನಕ್ಸ್ ತಂತ್ರಾಂಶ ಕಟ್ಟಿಕೊಟ್ಟವಳನ್ನು ಒಂದು ಲೋಟ ಕಾಫಿ, ಒಂದು ಏಲಕ್ಕಿ ಬನ್ನು ಕೊಟ್ಟು ಕೆಲಸದಿಂದ ಕಳಿಸಿದರು — ತೈಸ್ತೋ, ಅವಳ ಕೆಲಸನೆಲ್ಲ ಹೊಸ ಕಂಪ್ಯೂಟರಿಗೆ ಹಾಕಿ ರೆಡಿ ಮಾಡಪ್ಪ, ಹಳೇದನ್ನ ಸಂಜೆ ಅಳಿಸ್ತೀವಿ, ನನಗೆ ಅನ್ನುತ್ತಾನೆ ಯೆಸ್ಪರ್, ಮ್ಯಾನೇಜರಂತೆ, ಬೂಟಿಗೆ ಒಂದು ದಿನ ಕಾಡಿನ ಕೆಸರು ಹತ್ತಿಸಿಕೊಳ್ಳದವನು, ಮಾಡಿದೆ, ಕಂಪೈಲರ್, ಪೈಥಾನ್, ಹಾಳುಮೂಳು ಎಲ್ಲ ಇಳಿಸಿದೆ, ಕೊನೆಗೆ ಆ ಲಿನಕ್ಸ್ ಕಟ್ಟುವ ಫೋಲ್ಡರಿಗೆ ಅವಳದೇ ಹೆಸರಿಟ್ಟೆ, ಇಲ್ಲಾದರೂ ಉಳಿಯಲಿ, ಹಟಕ್ಕೆ ಪೂರ್ತಿ ಬರೆದೆ, ಎ ಅಕ್ಷರದ ತಲೆಯ ಮೇಲೆ ಎರಡೂ ಚುಕ್ಕೆ ಇಟ್ಟು, ನಮ್ಮ ಭಾಷೆಯಲ್ಲಿ ಚುಕ್ಕೆ ಇದ್ದರೆ ಸ್ಯಾದೆ, ಬೆಳಕಿನ ಕಿರಣ, ತೆಗೆದರೆ ಸದೆ, ಬರೀ ಮಳೆ — ಈ ಹೆಸರಿನಲ್ಲಿ ಒಪ್ಪದ ಅಕ್ಷರವಿದೆ ಎಂದು ಕಂಪ್ಯೂಟರು ಕೆಂಪಗೆ ಉಗುಳಿ ನಿಂತುಬಿಟ್ಟಿತು, ನಮ್ಮ ಊರಲ್ಲಿ ಕೂತು, ನಮ್ಮ ಕರೆಂಟು ತಿಂದು, ನಮ್ಮ ಅಕ್ಷರ ಬೇಡವಂತೆ ಇದಕ್ಕೆ.

ಸ್ಯಾದೆಗೆ ಫೋನ್ ಮಾಡಿದೆ, ನಿನ್ನ ಹೆಸರು ನುಂಗ್ತಿಲ್ಲ ಕಣೇ ಈ ದರಿದ್ರ, ಅಂದೆ, ನಕ್ಕಳು, ಅಯ್ಯೋ ಪೆದ್ದೇ, ಚುಕ್ಕೆ ತೆಗಿಯೋ, ಇಪ್ಪತ್ತು ವರ್ಷದಿಂದ ನಾನಲ್ಲಿ ಚುಕ್ಕೆ ಬಿಟ್ಟು ಮಳೆಯಾಗೇ ಇದ್ದೆ, ಪಕ್ಕದಲ್ಲೇ ಕೂತು ನೀನು ಈಗ ನೋಡಿದ್ಯಾ — ಆಮೇಲೆ ಮೂಗು ಒರೆಸಿಕೊಂಡ ಸದ್ದು, ಆಮೇಲೆ ಶನಿವಾರ ಹಬೆಸ್ನಾನಕ್ಕೆ ಸೌನಾ ಕಾಯಿಸ್ತೀನಿ, ಬಾ, ಹೋಗಬೇಕು, ಹೋಗಿ ಏನು ಹೇಳಲಿ, ಯೆಸ್ಪರ್ ಬಾಗಿಲಲ್ಲಿ ತಲೆ ತೂರಿಸಿದ್ದಾನೆ, ಇನ್ನೂ ಆಗಿಲ್ವೇನಪ್ಪ, ಹೋದೋರ ಹೆಸರ್ಯಾಕೆ, ಒಂದು ನಂಬರ್ ಹಾಕು ಸಾಕು, ನಂಬರ್ ನಿನ್ನ ಹಣೆಗೆ ಹಾಕ್ಕೋ ಹೋಗೋ ಅಂದೆ, ಅಂದೆನೋ ಅಂದುಕೊಂಡೆನೋ, ಅವನಂತೂ ನಗುತ್ತಾ ಹೋದ, ಹೊತ್ತು ಕಳೆದರೆ ಅವನೇ ಬಂದು ನಂಬರ್ ಹಾಕುತ್ತಾನೆ, ತೆಗೆದೆ, ಈ ಕೈಯಿಂದಲೇ ಎರಡೂ ಚುಕ್ಕೆ ತೆಗೆದೆ, ಸದೆ, ತಕ್ಷಣ ಒಪ್ಪಿತು ಬೋಳಿಮಗಂದು, ತೆರೆಯ ತುಂಬ ಸಾಲುಗಳು ಸುರಿಯುತ್ತಿವೆ, ಒಂದರ ಮೇಲೊಂದು, ನಿಲ್ಲದೆ, ಮಳೆಯೇ, ಕೆಲಸ ಮುಗಿಯಿತು, ಏಳಬೇಕು, ಏಳಲಾಗುತ್ತಿಲ್ಲ, ಮೇಜಿನ ಮೇಲೆ ಆ ಬೆಳಕು ಹಾಗೇ ಇದೆ, ಅಂಗೈ ಇಟ್ಟು ಮುಚ್ಚುತ್ತೇನೆ, ಕೈಯ ಮೇಲೆ ಹತ್ತಿ ಕೂರುತ್ತದೆ, ತೂತು ಮುಚ್ಚದೆ ಹೋದರಲ್ಲ, ಎರಡು, ಪಕ್ಕಪಕ್ಕ, ಕೈ ಸರಿಸಿದರೆ ಮೇಜಿನ ಮೇಲೆ, ಇಟ್ಟರೆ ಕೈಯ ಮೇಲೆ, ಎರಡು ಚುಕ್ಕೆ